ಎರಡನೇ ಸಬ್‌ವೂಫರ್ ಬಂತು, ಬಾಸ್ ಎಲ್ಲಿ ಹೋಯಿತು?

ಹೋದ ಸಂಚಿಕೆಯಲ್ಲಿ ಸಬ್‌ವೂಫರ್ (ಬಾಸ್, ಅಂದರೆ ತೀರ ಕೆಳಗಿನ ಸ್ವರಗಳನ್ನು ಮಾತ್ರ ನುಡಿಸುವ ಸ್ಪೀಕರ್, ಚಿಕ್ಕದಾಗಿ ಸಬ್) ಬಗ್ಗೆ ಎರಡು ಸಾಲು ಬರೆದದ್ದೇ ತಡ, ಪತ್ರಗಳು ರಾಶಿ ಬಿದ್ದವು. ಮುಕ್ಕಾಲು ಪಾಲು ಒಂದೇ ಸುತ್ತಿನ ಪ್ರಶ್ನೆಗಳು: ಒಂದಕ್ಕಿಂತ ಜಾಸ್ತಿ ಸಬ್ ಇದ್ದರೆ ಎಲ್ಲೆಲ್ಲಿ ಇಡಬೇಕು, ಒಂದಕ್ಕೊಂದು ಹೇಗೆ ಹೊಂದಿಸಬೇಕು, ಸ್ಪೀಕರ್ ಜೊತೆ ಹೇಗೆ ಬೆರೆಸಬೇಕು. ಹಾಗಾಗಿ ಈ ಸಲ ಪೂರ್ತಿ ಅದೇ. ಟರ್ನ್‌ಟೇಬಲ್ ಸೂಜಿ, ಹೆಡ್‌ಫೋನ್ ಅಂತ ಕೇಳಿದವರು ಇನ್ನೊಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಮೇಡಂ, ನನ್ನ ಕೋಣೆ 4.2 ಮೀಟರ್ ಉದ್ದ, 3.5 ಮೀಟರ್ ಅಗಲ, 3 ಮೀಟರ್ ಎತ್ತರ. ಮುಂದಿನ ಎಡ ಮೂಲೆಯಲ್ಲಿ ಒಂದು ಸಬ್ ಇತ್ತು. ಸೋಫಾ ಹಿಂದಿನ ಗೋಡೆಗೆ ತಾಗಿದೆ. ಭರ್ಜರಿ ಬಾಸ್ ಬರುತ್ತಿತ್ತು. ಅದೇ ಮಾಡೆಲ್‌ನ ಇನ್ನೊಂದನ್ನು ತಂದು ಎದುರಿನ ಹಿಂಬದಿ ಬಲ ಮೂಲೆಯಲ್ಲಿಟ್ಟೆ. ಬಾಸ್ ದುಪ್ಪಟ್ಟಾಗುವ ಬದಲು ಕಮ್ಮಿಯೇ ಆಯಿತು! ಹಿಂದಿನ ಸಬ್ಬಿನ ಫೇಸ್ ಸ್ವಿಚ್ಚನ್ನು (ಒತ್ತುವುದನ್ನು ಎಳೆಯುವುದಾಗಿ ಉಲ್ಟಾ ಮಾಡುವ ಸ್ವಿಚ್) 180 ಡಿಗ್ರಿಗೆ ಹಾಕಿದರೆ ಮತ್ತೆ ಮೊದಲಿನ ಹಾಗೆ ಜೋರಾಗುತ್ತದೆ. ಹಾಗೇ ಬಿಡಲೇ? — ಗೋಡೆಗೆ ಒರಗಿ ಕೂತವನು

ಬೇಡ. ಸ್ವಿಚ್ಚನ್ನು ಸೊನ್ನೆಗೇ ಹಾಕಿ. ನಿಮಗೆ ಕಮ್ಮಿ ಆಗಿರುವುದು ಬಾಸ್ ಅಲ್ಲ, ಗುಂಯ್ ಅನ್ನುವ ಸದ್ದು. ಇಷ್ಟು ದಿನ ಅದನ್ನೇ ಬಾಸ್ ಅಂದುಕೊಂಡು ಕೇಳುತ್ತಿದ್ದಿರಿ.

ಲೆಕ್ಕ ಸುಲಭ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. ನಿಮ್ಮ 4.2 ಮೀಟರ್‌ಗೆ 41 ಹರ್ಟ್ಸ್ (ಸೆಕೆಂಡಿಗೆ 41 ಕಂಪನ) ಬರುತ್ತದೆ. ಅಗಲಕ್ಕೆ 49, ಎತ್ತರಕ್ಕೆ 57. ಈ ಮೂರು ಸ್ವರಗಳಿಗೆ ನಿಮ್ಮ ಕೋಣೆ ತಾನೇ ದನಿಗೂಡಿಸುತ್ತದೆ. ಬಾಸ್ ಗಿಟಾರಿನ ದಪ್ಪ ತಂತಿಯನ್ನು ಹಾಗೇ ಮೀಟಿದರೆ ಬರುವ ಸ್ವರ 41.2 ಹರ್ಟ್ಸ್. ಅದೇ ತಂತಿಯ ಮೂರನೇ ಮನೆ ಒತ್ತಿದರೆ 49. ಅಂದರೆ ಈ ಎರಡು ಸ್ವರ ಬಂದಾಗಲೆಲ್ಲ ನಿಮ್ಮ ಸೋಫಾ ನಡುಗುತ್ತದೆ. ನಡುವೆ ಇರುವ ಸ್ವರಗಳು ಸಪ್ಪೆ. ಬೇಕಾದರೆ ಪರೀಕ್ಷಿಸಿ: ಬಾಸ್ ಗಿಟಾರ್ ಒಂದೇ ಮಟ್ಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಯಾವುದಾದರೂ ರೆಕಾರ್ಡಿಂಗ್ ಹಾಕಿ, ಒಂದು ಸಬ್ ಆಫ್ ಮಾಡಿ ಕೇಳಿ. ನುಡಿಸಿದವನು ಎಲ್ಲ ಸ್ವರಕ್ಕೂ ಒಂದೇ ಬಲ ಹಾಕಿರುತ್ತಾನೆ. ಜೋರು ಮಾಡಿದ್ದು ಕೋಣೆ.

ಅಗಲವಾದ ತಟ್ಟೆಯಲ್ಲಿ ನೀರು ಹಿಡಿದು ನಡೆಯುವಾಗ ನೋಡಿದ್ದೀರಿ ಅಲ್ವಾ? ಈ ಅಂಚಿನಲ್ಲಿ ನೀರು ಏರಿದರೆ ಆ ಅಂಚಿನಲ್ಲಿ ಇಳಿಯುತ್ತದೆ, ನಟ್ಟನಡುವೆ ಮಟ್ಟ ಅಲ್ಲಾಡುವುದೇ ಇಲ್ಲ. 41 ಹರ್ಟ್ಸ್‌ನಲ್ಲಿ ನಿಮ್ಮ ಕೋಣೆಯ ಗಾಳಿಯ ಒತ್ತಡವೂ ಹಾಗೇ. ಮುಂದಿನ ಗೋಡೆ, ಹಿಂದಿನ ಗೋಡೆ ಹತ್ತಿರ ಏರಿಳಿತ ಅತಿ ಹೆಚ್ಚು, ನಡುವೆ ಏನೂ ಇಲ್ಲ. ನೀವು ಕೂತಿರುವುದು ಅಂಚಿನಲ್ಲಿ, ಅದಕ್ಕೇ ಅಷ್ಟು ಜೋರು. ಈಗ ಎರಡೂ ತುದಿಯಲ್ಲಿ ಒಂದೇ ಕ್ಷಣಕ್ಕೆ ಒತ್ತುವ ಎರಡು ಸಬ್ ಬಂದವು. ಒಂದು ತುದಿ ಏರಬೇಕಾದರೆ ಇನ್ನೊಂದು ಇಳಿಯಲೇಬೇಕು, ಆದರೆ ಎರಡೂ ಕಡೆ ಒಟ್ಟಿಗೆ ಒತ್ತಿದರೆ ಓಲಾಟ ಶುರುವೇ ಆಗುವುದಿಲ್ಲ. 41 ಹರ್ಟ್ಸ್‌ನ ದಿಬ್ಬ (ಅತಿ ಜೋರು) ಕರಗಿತು. ಎದುರುಬದುರು ಮೂಲೆ ಆದ್ದರಿಂದ ಅಗಲದ 49ರದ್ದೂ ಕರಗಿತು. ನೀವು 180ಕ್ಕೆ ತಿರುಗಿಸಿದಾಗ ಒಂದು ತುದಿ ಒತ್ತಿ ಇನ್ನೊಂದು ತುದಿ ಎಳೆಯುತ್ತದೆ. ಓಲಾಟಕ್ಕೆ ಇದಕ್ಕಿಂತ ಒಳ್ಳೆಯ ಸಹಾಯ ಇಲ್ಲ. ಜೋರಾಗದೆ ಇನ್ನೇನು?

ಹಿಂದೆ ಇಟ್ಟ ಸಬ್ಬಿಗೆ 180 ಹಾಕಿ ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಜೋರಾದದ್ದೆಲ್ಲ ಸರಿ ಅನ್ನುವ ಕಿವಿಗೆ ಅದು ಹಿಡಿಸುತ್ತದೆ. ನಾನು ವರ್ಷಗಟ್ಟಲೆ ಸ್ಟೇಜ್ ಕಾರ್ಯಕ್ರಮಗಳಲ್ಲಿ ಮಿಕ್ಸರ್ ಹಿಂದೆ ಕೂತವಳು. ಒಂದು ಸ್ವರ ಮಾತ್ರ ಮೇಲೆದ್ದರೆ ನನಗೆ ಹಲ್ಲುನೋವು ಬಂದ ಹಾಗೆ ಆಗುತ್ತದೆ, ಅದು ನನ್ನ ಕಾಯಿಲೆ ಅಂತಲೇ ಇಟ್ಟುಕೊಳ್ಳಿ.

ಈಗ ಮಾಡಬೇಕಾದ್ದು ಇಷ್ಟು. ಎರಡೂ ಸಬ್ಬಿನ ವಾಲ್ಯೂಮನ್ನು ಸಮವಾಗಿ 3-4 ಡೆಸಿಬೆಲ್ ಏರಿಸಿ. ದಿಬ್ಬ ಇಲ್ಲದ ಕಾರಣ ಈಗ ಏರಿಸಲು ಜಾಗ ಇದೆ. 30 ಹರ್ಟ್ಸ್ ಮತ್ತು ಅದರ ಕೆಳಗೆ ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಮೊದಲು ಕೇಳದಿದ್ದ ಆಳ ಅಲ್ಲಿ ಸಿಗುತ್ತದೆ. ಹಾಗೇ ಸೋಫಾವನ್ನು ಒಂದೆರಡು ಅಡಿಯಾದರೂ ಮುಂದೆ ಎಳೆಯಿರಿ. ಆಗದಿದ್ದರೆ ಬಿಡಿ, ಆದರೆ ಎಳೆದರೆ ಸಬ್ ಮಾತ್ರ ಅಲ್ಲ, ಸ್ಪೀಕರ್ ಸದ್ದೂ ಬಿಡಿಬಿಡಿಯಾಗುತ್ತದೆ.

ಒಂದು ಅನುಮಾನವನ್ನು ಮಾತ್ರ ಮೊದಲೇ ತೀರಿಸಿಕೊಳ್ಳಿ. ಎರಡು ಸಬ್ಬನ್ನೂ ಅಕ್ಕಪಕ್ಕ ಇಟ್ಟು 40 ಹರ್ಟ್ಸ್ ಟೋನ್ (ಒಂದೇ ಸ್ವರದ ಪರೀಕ್ಷೆಯ ಸದ್ದು) ಹಾಕಿ. ಒಂದರ ಜೊತೆ ಇನ್ನೊಂದು ಆನ್ ಆದಾಗ ಸದ್ದು ಅಳೆಯುವ ಮೀಟರ್ ಸುಮಾರು 6 ಡೆಸಿಬೆಲ್ ಏರಬೇಕು. ಇಳಿದರೆ ಯಾವುದೋ ಒಂದರಲ್ಲಿ ಸ್ವಿಚ್ ಅಥವಾ ಒಳಗಿನ ವಯರ್ ಉಲ್ಟಾ ಇದೆ. ಅದನ್ನು ಸರಿಮಾಡದೆ ಮುಂದಿನ ಯಾವ ಕೆಲಸಕ್ಕೂ ಅರ್ಥ ಇಲ್ಲ.

ಪ್ರಶ್ನೆ: ಎರಡು ಸಬ್ಬಿಗೆ, ನಾಲ್ಕು ಸಬ್ಬಿಗೆ ಅತ್ಯುತ್ತಮ ಜಾಗ ಯಾವುದು? ನೇರವಾಗಿ ಹೇಳಿಬಿಡಿ. — ಸುತ್ತಿ ಬಳಸುವುದು ಇಷ್ಟವಿಲ್ಲದವರು

ನಾಲ್ಕು ಗೋಡೆಯ, ಮುಚ್ಚಿದ, ಆಯತಾಕಾರದ ಕೋಣೆಯಾದರೆ ನೇರ ಉತ್ತರ ಇದೆ. ಎರಡಿದ್ದರೆ ಮುಂದಿನ ಗೋಡೆಯ ನಡುವೆ ಒಂದು, ಹಿಂದಿನ ಗೋಡೆಯ ನಡುವೆ ಇನ್ನೊಂದು. ನಾಲ್ಕಿದ್ದರೆ ನಾಲ್ಕೂ ಗೋಡೆಯ ನಡುವೆ ಒಂದೊಂದು, ಇಲ್ಲವೇ ನಾಲ್ಕೂ ಮೂಲೆಗೆ. ಮೂಲೆಯಲ್ಲಿ ಸದ್ದು ಜಾಸ್ತಿ ಸಿಗುತ್ತದೆ, ಗೋಡೆಯ ನಡುವೆ ಇಟ್ಟರೆ ಸಬ್ ಕೋಣೆಯನ್ನು ಕಮ್ಮಿ ಕೆಣಕುತ್ತದೆ.

ಇದು ನನ್ನ ಲೆಕ್ಕ ಅಲ್ಲ. ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ಟಾಡ್ ವೆಲ್ಟಿ ಇದೇ ಪ್ರಶ್ನೆ ಇಟ್ಟುಕೊಂಡು, ಸಾವಿರಾರು ಸಬ್ ಇಟ್ಟರೆ ಏನಾಗುತ್ತದೆ ಎಂಬುದನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, 2002ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಮಂಡಿಸಿದರು. ನಾಲ್ಕಕ್ಕಿಂತ ಹೆಚ್ಚಾದರೆ ಹೇಳಿಕೊಳ್ಳುವ ಲಾಭ ಇಲ್ಲ. ಎದುರುಬದುರು ಗೋಡೆಯ ನಡುವಿನ ಎರಡು ಸಬ್, ನಾಲ್ಕರ ಹತ್ತಿರಕ್ಕೇ ಬರುತ್ತವೆ. ಅವರು ಅಳೆದದ್ದು ಏನನ್ನು ಅಂತ ನೆನಪಿಡಿ. ಬಾಸ್ ಎಷ್ಟು ಜೋರು ಅನ್ನುವುದಕ್ಕಿಂತ ಮುಖ್ಯವಾಗಿ, ಒಂದು ಸೀಟಿಗೂ ಇನ್ನೊಂದು ಸೀಟಿಗೂ ಬಾಸ್ ಎಷ್ಟು ವ್ಯತ್ಯಾಸ ಅನ್ನುವುದನ್ನು. ಸೀಟುಗಳಲ್ಲಿ ಏರಿಳಿತ ಒಂದೇ ರೀತಿ ಇದ್ದರೆ, ಬೇರೆ ಬೇರೆ ಸ್ವರದ ಮಟ್ಟ ಏರಿಸಿ ಇಳಿಸುವ ಒಂದು ಈಕ್ವಲೈಜರ್‌ನಿಂದ ಎಲ್ಲರಿಗೂ ಒಟ್ಟಿಗೆ ಸರಿಮಾಡಬಹುದು. ಒಬ್ಬರ ಜಾಗದಲ್ಲಿ ದಿಬ್ಬ, ಪಕ್ಕದವರ ಜಾಗದಲ್ಲಿ ಗುಂಡಿ (ಸದ್ದಿನ ಕುಸಿತ) ಇದ್ದರೆ ಯಾವ ಪೆಟ್ಟಿಗೆಯೂ ಕಾಪಾಡುವುದಿಲ್ಲ.

ಒಬ್ಬರೇ ಕೂತು, ಒಂದೇ ಕುರ್ಚಿಯಲ್ಲಿ ಕೇಳುವವರಾದರೆ ಈ ತಲೆನೋವು ಅರ್ಧ ಕಮ್ಮಿ.

ಪ್ರಶ್ನೆ: ನಮ್ಮ ಹಾಲ್ ಎಲ್ ಆಕಾರದ್ದು. ಒಂದು ಕಡೆ ಗೋಡೆಯೇ ಇಲ್ಲ, ಅಡುಗೆಮನೆಗೆ ತೆರೆದಿದೆ. ಹಿಂದಿನ ಗೋಡೆಯ ನಡುವೆ ಬಾಗಿಲು. ಗೋಡೆಯ ನಡುವೆ ಸಬ್ ಇಡುವ ಸೂತ್ರ ನನಗೆ ಹೇಗೆ? — ಬಾಗಿಲಿಗೆ ಸಬ್ ಅಡ್ಡ ಇಡಲಾಗದವಳು

ಸೂತ್ರ ಮರೆತುಬಿಡಿ. ಇಂಥ ಜಾಗಕ್ಕೆ ಧ್ವನಿತಜ್ಞ ಅರ್ಲ್ ಗೆಡಸ್ ಅವರ ದಾರಿ ಚೆನ್ನಾಗಿದೆ. ಅವರು ಸಮಾನ ಅಂತರ, ಅಚ್ಚುಕಟ್ಟು ಯಾವುದನ್ನೂ ಕೇಳುವುದಿಲ್ಲ. ಮುಂದೆ ಮೂಲೆಯಲ್ಲಿ ಒಂದು, ಅದರಿಂದ ದೂರ ಪಕ್ಕದಲ್ಲೋ ಹಿಂದೆಯೋ ಇನ್ನೊಂದು, ಮೂರನೆಯದು ಜಾಗ ಸಿಕ್ಕಲ್ಲಿ. ಆದರೆ ಒಂದಾದರೂ ನೆಲ ಬಿಟ್ಟು ಮೇಲೆ ಇರಲಿ ಅನ್ನುತ್ತಾರೆ, ಯಾಕೆಂದರೆ ನೆಲ ಮತ್ತು ಚಾವಣಿ ನಡುವೆಯೂ ಓಲಾಟ ಇದೆ. ಬೇರೆ ಬೇರೆ ಜಾಗದಲ್ಲಿರುವ ಸಬ್‌ಗಳು ಕೋಣೆಯನ್ನು ಬೇರೆ ಬೇರೆ ರೀತಿ ಕೆಣಕುತ್ತವೆ. ಒಂದರ ಗುಂಡಿಯನ್ನು ಇನ್ನೊಂದು ಅಷ್ಟಿಷ್ಟು ತುಂಬುತ್ತದೆ. ನನ್ನ ಮನೆಯಲ್ಲೂ ಮೂರನೆಯದು ಪುಸ್ತಕದ ಕಪಾಟಿನ ಮೇಲೇ ಇದೆ. ಬಂದವರು ಅದನ್ನು ಹೂದಾನಿಯ ಸ್ಟ್ಯಾಂಡ್ ಅಂದುಕೊಳ್ಳುತ್ತಾರೆ. ಆದರೆ ಮೇಲೆ ಇಡುವಾಗ ಹುಷಾರು. ಸಬ್ ನಡುಗುತ್ತಾ ನಡುಗುತ್ತಾ ಜಾರುತ್ತದೆ, ಕೆಳಗೆ ರಬ್ಬರ್ ಹಾಕಿ, ಕಪಾಟನ್ನು ಗೋಡೆಗೆ ಬಿಗಿದು ನಿಲ್ಲಿಸಿ.

ಮೊದಲ ಸಬ್ಬಿನ ಜಾಗ ಹುಡುಕಲು ಹಳೆಯ ಉಪಾಯ ಇದೆ. ಸಬ್ಬನ್ನೇ ನೀವು ಕೂರುವ ಜಾಗಕ್ಕೆ ಎತ್ತಿಡಿ, ಸಾಧ್ಯವಾದರೆ ಸೋಫಾ ಮೇಲೆಯೇ. 20ರಿಂದ 100 ಹರ್ಟ್ಸ್‌ವರೆಗೆ ನಿಧಾನ ಏರುವ ಸ್ವೀಪ್ ಹಾಕಿ, ಮತ್ತೆ ಮತ್ತೆ ಬರುವ ಹಾಗೆ ಬಿಡಿ. ಆಮೇಲೆ ನೀವು ಮಂಡಿಯೂರಿ, ಸಬ್ ಇಡಲು ಸಾಧ್ಯವಿರುವ ಜಾಗಗಳಿಗೆಲ್ಲ ತೆವಳಿಕೊಂಡು ಹೋಗಿ, ಕಿವಿಯನ್ನು ಸಬ್ಬಿನ ಎತ್ತರಕ್ಕೆ ತಂದು ಕೇಳಿ. ಸದ್ದು ಉಬ್ಬದೆ, ಮುಳುಗದೆ ಸಮವಾಗಿ ಏರುವ ಜಾಗಕ್ಕೆ ಮಾಸ್ಕಿಂಗ್ ಟೇಪಿನಲ್ಲಿ ಗುರುತು ಹಾಕಿ. ಇಲ್ಲಿಂದ ಅಲ್ಲಿಗೆ ಹೇಗೆ ಕೇಳಿಸುತ್ತದೋ ಅಲ್ಲಿಂದ ಇಲ್ಲಿಗೂ ಹಾಗೇ ಕೇಳಿಸುತ್ತದೆ, ಅದಕ್ಕೇ ಈ ಉಪಾಯ ನಡೆಯುತ್ತದೆ. ಮನೆಯವರು ನಗುತ್ತಾರೆ. ನಗಲಿ ಬಿಡಿ.

ಎರಡನೇ ಸಬ್ಬಿಗೆ ಮಾತ್ರ ತೆವಳಿದರೆ ಸಾಲದು. ಇದನ್ನು ಯಾರೂ ಹೇಳುವುದಿಲ್ಲ. ತೆವಳುವಾಗ ಗೊತ್ತಾಗುವುದು ಒಂಟಿ ಸಬ್ಬಿನ ನಡತೆ. ನಿಮಗೆ ಬೇಕಿರುವುದು ಜೋಡಿಯ ನಡತೆ. ಒಂಟಿಯಾಗಿ 55 ಹರ್ಟ್ಸ್‌ನಲ್ಲಿ ದೊಡ್ಡ ಗುಂಡಿ ಇರುವ ಜಾಗ, ಮೊದಲ ಸಬ್ಬಿಗೆ ಅದೇ 55ರಲ್ಲಿ ದಿಬ್ಬ ಇದ್ದರೆ ಒಳ್ಳೆಯ ಜಾಗವೇ ಆಗಬಹುದು. ಹಾಗಾಗಿ ಮೊದಲನೆಯದನ್ನು ಅದರ ಜಾಗದಲ್ಲಿ ನಿಲ್ಲಿಸಿ, ಎರಡೂ ಆನ್ ಮಾಡಿ, ಎರಡನೆಯದನ್ನು ಜಾಗದಿಂದ ಜಾಗಕ್ಕೆ ಸರಿಸುತ್ತಾ ಕೂರುವಲ್ಲಿ ಮೈಕ್ ಇಟ್ಟು ಅಳೆಯಿರಿ. ಇದಕ್ಕೆ ಬೇಕಾದ ಅತಿ ಮುಖ್ಯ ಸಾಧನ, ಸಬ್ಬಿಗೆ ಸಿಗ್ನಲ್ ಒಯ್ಯುವ ಹತ್ತು ಮೀಟರ್ ಆರ್‌ಸಿಎ ಕೇಬಲ್ ಮತ್ತು ಉದ್ದದ ಎಕ್ಸ್‌ಟೆನ್ಷನ್ ಬೋರ್ಡ್. ಕೇಬಲ್ ಗಿಡ್ಡ ಇದ್ದರೆ ಸಬ್ ಇರುವ ಜಾಗವೇ ಒಳ್ಳೆಯ ಜಾಗ ಅಂತ ಮನಸ್ಸು ತಾನೇ ಒಪ್ಪಿಸಿಬಿಡುತ್ತದೆ.

ಪ್ರಶ್ನೆ: ಹಳೆಯ 12 ಇಂಚಿನ, ಪೋರ್ಟ್ (ಪೆಟ್ಟಿಗೆಯಲ್ಲಿ ಗಾಳಿ ಹೋಗಿಬರುವ ತೂತು) ಇರುವ ಸಬ್ ಇದೆ. ಅದರ ಜೊತೆ ಪುಟ್ಟ 8 ಇಂಚಿನ ಮುಚ್ಚಿದ ಪೆಟ್ಟಿಗೆಯ ಸಬ್ ಸೇರಿಸಬಹುದೇ? — ಇದ್ದದ್ದರಲ್ಲೇ ಹೊಂದಿಸುವವನು

ಸೇರಿಸಬಹುದು, ಆದರೆ ಎರಡಕ್ಕೂ ಒಂದೇ ಕೆಲಸ ಕೊಡಬೇಡಿ.

ಪೋರ್ಟ್ ಇರುವ ಪೆಟ್ಟಿಗೆ ತನ್ನ ಟ್ಯೂನಿಂಗ್‌ವರೆಗೆ (ಪೋರ್ಟನ್ನು ಹೊಂದಿಸಿರುವ ಸ್ವರದವರೆಗೆ) ಚೆನ್ನಾಗಿ ದುಡಿದು, ಅದರ ಕೆಳಗೆ, ಹರ್ಟ್ಸ್ ಅರ್ಧಕ್ಕೆ ಇಳಿಯುವ ಪ್ರತಿ ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಧುಮುಕುತ್ತದೆ. ಮುಚ್ಚಿದ್ದು ಮೊದಲೇ ಇಳಿಯಲು ಶುರುಮಾಡಿದರೂ 12ರಂತೆ ನಿಧಾನ ಇಳಿಯುತ್ತದೆ. ಇಳಿಜಾರು ಬೇರೆಯಾದರೆ ಫೇಸೂ ಬೇರೆ. ಟ್ಯೂನಿಂಗ್‌ಗಿಂತ ಕೆಳಕ್ಕೆ ಹೋದಂತೆ ಒಂದು ಒತ್ತುವಾಗ ಇನ್ನೊಂದು ಎಳೆಯುವ ಸ್ಥಿತಿ ಬರುತ್ತದೆ. 60 ಹರ್ಟ್ಸ್‌ನಲ್ಲಿ ಜೊತೆಗಾರರಾಗಿದ್ದವು 20ರಲ್ಲಿ ಒಂದನ್ನೊಂದು ಅಳಿಸುತ್ತವೆ. ಒಂದೇ ಡಿಲೇ (ಸದ್ದನ್ನು ತಡಮಾಡುವ) ಸೆಟ್ಟಿಂಗಿನಿಂದ ಎರಡೂ ಕಡೆ ಸರಿಹೋಗುವುದಿಲ್ಲ.

ಇನ್ನೊಂದು ತೊಂದರೆ ಶಕ್ತಿಯದು. ಸದ್ದು ಅಷ್ಟೇ ಇದ್ದು ಸ್ವರ ಒಂದು ಆಕ್ಟೇವ್ ಕೆಳಗಿಳಿದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಓಡಾಡಬೇಕು. 8 ಇಂಚಿನದು 25 ಹರ್ಟ್ಸ್‌ನಲ್ಲಿ ದೊಡ್ಡದರ ಜೊತೆ ಓಡಲು ಹೋಗಿ ಏದುಸಿರು ಬಿಡುತ್ತದೆ, ಪಟಪಟ ಅನ್ನುತ್ತದೆ. ಚಿಕ್ಕದಕ್ಕೆ 40ರ ಸುಮಾರಿಗೆ ಹೈಪಾಸ್ (ಕೆಳಗಿನ ಸ್ವರ ತಡೆದು ಮೇಲಿನದ್ದನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ, ಆಳದ ಕೆಲಸ ದೊಡ್ಡದಕ್ಕೆ ಬಿಡಿ. ಚಿಕ್ಕದನ್ನು ಸೋಫಾ ಪಕ್ಕಕ್ಕೇ ಇಟ್ಟುಕೊಂಡರೆ ಕಮ್ಮಿ ವಾಲ್ಯೂಮಿನಲ್ಲೇ ತನ್ನ ಪಾಲು ಮಾಡುತ್ತದೆ. ಹೈಪಾಸ್ ಹಾಕಲು ಸೌಲಭ್ಯ ಇಲ್ಲವಾದರೆ, ನಿಜ ಹೇಳಲಾ, ಚಿಕ್ಕದನ್ನು ಬೇರೆ ಕೋಣೆಗೆ ಕೊಟ್ಟುಬಿಡಿ.

ಪ್ರಶ್ನೆ: ನನ್ನದು ಶುದ್ಧ ಸ್ಟೀರಿಯೋ. ಸಾಧಾರಣ ಇಂಟಿಗ್ರೇಟೆಡ್ ಆಂಪ್, ಸಬ್ಬಿಗೆ ಸಿಗ್ನಲ್ ಕೊಡುವ ಪ್ರೀಔಟ್ ಇದೆ, ಸ್ಪೀಕರಿಗೂ ಸಬ್ಬಿಗೂ ಸ್ವರ ಹಂಚುವ ಬಾಸ್ ಮ್ಯಾನೇಜ್‌ಮೆಂಟ್ ಇಲ್ಲ. ಸ್ಪೀಕರ್ ಸುಮಾರು 50 ಹರ್ಟ್ಸ್‌ವರೆಗೆ ಇಳಿಯುತ್ತದೆ. ಎರಡು ಸಬ್ ಇವೆ. ಎಷ್ಟು ತಿರುಗಿಸಿದರೂ ಸ್ಪೀಕರ್ ಬೇರೆ, ಸಬ್ ಬೇರೆ ಹಾಡುತ್ತವೆ. ಒಂದಾಗುವುದೇ ಇಲ್ಲ. — ನಾಬ್ ತಿರುಗಿಸಿ ಸುಸ್ತಾದವನು

ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ಸುಸ್ತಾಗಲು ಕಾರಣ, ಎಲ್ಲ ನಾಬ್‌ಗಳನ್ನೂ ಒಟ್ಟಿಗೆ ತಿರುಗಿಸುತ್ತಿದ್ದೀರಿ. ಎರಡು ಸಬ್, ತಲಾ ಮೂರು ನಾಬ್. ಹಾಗೆ ಹುಡುಕಿದರೆ ಜನ್ಮ ಸಾಲದು.

ಮೊದಲು ಸ್ಪೀಕರ್ ವಯರ್ ಕಿತ್ತಿಡಿ (ಆಂಪ್ ಆಫ್ ಮಾಡಿ!). ಎರಡು ಸಬ್ಬನ್ನು ಒಂದಕ್ಕೊಂದು ಹೊಂದಿಸಿ. ಎರಡೂ ಒಂದೇ ಮಾಡೆಲ್ ಆಗಿದ್ದರೆ ವಾಲ್ಯೂಮ್ ನಾಬ್ ಎರಡರಲ್ಲೂ ಒಂದೇ ಕಡೆ ಇರಲಿ. ಸೋಫಾದಲ್ಲಿ ಎರಡೂ ಒಂದೇ ಡೆಸಿಬೆಲ್ ತೋರಿಸಬೇಕು ಅಂತ ಹಟ ಹಿಡಿದರೆ, ದೂರದ್ದು ಬೆವರುತ್ತದೆ, ಹತ್ತಿರದ್ದು ಮಲಗುತ್ತದೆ. ಆಮೇಲೆ ಎರಡೂ ಸೇರಿ ಕೂರುವ ಜಾಗದಲ್ಲಿ ಎಷ್ಟು ಸಮವಾಗಿದೆ ನೋಡಿ, ಜಾಗ ಮತ್ತು ಫೇಸ್ ತಿದ್ದಿ. ಸರಿಹೋಯಿತು ಅನ್ನಿಸಿದಾಗ ಅಲ್ಲಿಂದ ಮುಂದೆ ಅವು ಎರಡಲ್ಲ, ಒಂದೇ ಸಬ್. ಒಂದರ ನಾಬ್ ಮುಟ್ಟಿದರೆ ಇನ್ನೊಂದರದ್ದೂ ಅಷ್ಟೇ ಮುಟ್ಟಬೇಕು.

ಈಗ ಸ್ಪೀಕರ್ ಜೋಡಿಸಿ. ನಿಮ್ಮ ಆಂಪ್ ಸ್ಪೀಕರಿಗೆ ಪೂರ್ತಿ ಸಿಗ್ನಲ್ ಕೊಡುತ್ತದೆ, ಅದು 50ರವರೆಗೆ ತಾನೇ ನುಡಿಸುತ್ತದೆ. ಹಾಗಾಗಿ, ಸಬ್ ಎಷ್ಟು ಮೇಲಿನವರೆಗೆ ನುಡಿಸಬೇಕು ಅಂತ ನಿಗದಿ ಮಾಡುವ ಕ್ರಾಸ್‌ಓವರ್ 80ರಲ್ಲಿದ್ದರೆ 50ರಿಂದ 80ರವರೆಗೆ ಇಬ್ಬರೂ ಹಾಡುತ್ತಾರೆ. ನಿಮಗೆ ದಪ್ಪವಾಗಿ ಕೇಳಿಸುತ್ತಿರುವುದು ಅದೇ. 50-55ಕ್ಕೆ ಇಳಿಸಿ. ನಾಬ್ ಮೇಲಿನ ಅಂಕಿಯನ್ನು ನಂಬಬೇಡಿ, ಅದು ಅಂದಾಜು ಅಷ್ಟೇ. 

ಮುಂದಿನದು ಫೇಸ್. ಇದಕ್ಕೆ ಇನ್ನೊಬ್ಬರು ಜೊತೆಗಿದ್ದರೆ ಒಳ್ಳೆಯದು. ಸ್ಪೀಕರ್ ಮತ್ತು ಸಬ್ ಎರಡೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ನುಡಿಸುವ ಸ್ವರ ಆರಿಸಿ, ನಿಮಗೆ 55 ಹರ್ಟ್ಸ್ ಅನ್ನಿ. ಅದೇ ಟೋನ್ ಬಿಟ್ಟಿರಿ. ಆಂಪ್ ಆಫ್ ಮಾಡಿ, ಎರಡೂ ಸ್ಪೀಕರಿನ ಹಿಂದೆ ಕೆಂಪು-ಕಪ್ಪು ವಯರನ್ನು ಅದಲುಬದಲು ಮಾಡಿ, ಮತ್ತೆ ಆನ್ ಮಾಡಿ. ಹೌದು, ಬೇಕಂತಲೇ ಉಲ್ಟಾ. ನೀವು ಸೋಫಾದಲ್ಲಿ ಮೈಕ್ ಅಥವಾ ಮೀಟರ್ ಹಿಡಿದು ಕೂತುಕೊಳ್ಳಿ. ಜೊತೆಗಾರರು ಎರಡೂ ಸಬ್ಬಿನ ಫೇಸ್ ನಾಬನ್ನು ಒಂದೇ ಸಮ, ಸ್ವಲ್ಪ ಸ್ವಲ್ಪವೇ ತಿರುಗಿಸಲಿ. 30 ಡಿಗ್ರಿ, 60, 90... ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಟೋನ್ ಆಫ್ ಆಯಿತೇನೋ ಅನ್ನುವಷ್ಟು. ಅಲ್ಲೇ ನಿಲ್ಲಿಸಿ. ಈಗ ಆಂಪ್ ಆಫ್ ಮಾಡಿ ಸ್ಪೀಕರ್ ವಯರನ್ನು ಮೊದಲಿನ ಹಾಗೆ ಸರಿಯಾಗಿ ಹಾಕಿ. ಉಲ್ಟಾ ಇದ್ದಾಗ ಅತಿ ಹೆಚ್ಚು ಅಳಿಸಿದ್ದು, ನೇರ ಆದಾಗ ಅತಿ ಹೆಚ್ಚು ಕೂಡುತ್ತದೆ. ಜಾಸ್ತಿ ಎಲ್ಲಿದೆ ಅಂತ ನೇರವಾಗಿಯೇ ಯಾಕೆ ಹುಡುಕಬಾರದು? ತುತ್ತತುದಿ ಅಗಲವಾಗಿರುತ್ತದೆ, ಅರ್ಧ ಡೆಸಿಬೆಲ್ ವ್ಯತ್ಯಾಸ ಕಿವಿಗೆ ಗೊತ್ತಾಗುವುದಿಲ್ಲ. ಗುಂಡಿ ಚೂಪಾಗಿರುತ್ತದೆ, ತಪ್ಪಿಸಿಕೊಳ್ಳುವುದಿಲ್ಲ.

ಫೇಸ್ ನಾಬಿನ ಪೂರ್ತಿ 180 ಡಿಗ್ರಿ ಅಂದರೆ 55 ಹರ್ಟ್ಸ್‌ನಲ್ಲಿ ಸುಮಾರು 9 ಮಿಲಿಸೆಕೆಂಡ್, ಅಂದರೆ 3 ಮೀಟರ್ ದೂರ. ಸಬ್ಬನ್ನು ಒಂದು ಮೀಟರ್ ಸರಿಸಿದರೂ ಇದನ್ನೆಲ್ಲ ಮತ್ತೆ ಮಾಡಬೇಕು ಅಂತ ಇದರಿಂದ ತಿಳಿಯಿರಿ. ನೆಲಕ್ಕೆ ಟೇಪಿನ ಗುರುತು ಹಾಕಿಡಿ. ಗುಡಿಸುವವರು ಸರಿಸಿರುತ್ತಾರೆ.

ಕೊನೆಗೆ ವಾಲ್ಯೂಮ್. ಇದನ್ನು ಹಾಡಿನಲ್ಲಿ ಮಾಡಬೇಡಿ, ಮಾತಿನಲ್ಲಿ ಮಾಡಿ. ಗಂಡಸೊಬ್ಬರು ಸುದ್ದಿ ಓದುವ ರೆಕಾರ್ಡಿಂಗ್ ಹಾಕಿ. ಗಂಡಸರ ದನಿಯ ಮೂಲ ಸ್ವರ ಸಾಮಾನ್ಯವಾಗಿ 85 ಹರ್ಟ್ಸ್‌ನಿಂದ ಮೇಲೆ. ಸಬ್ ಆನ್ ಮಾಡಿದಾಗ ಓದುವವರು ಪೀಪಾಯಿಯೊಳಗೆ ಕೂತ ಹಾಗೆ ಕೇಳಿದರೆ ಸಬ್ ಹೋಗಬಾರದ ಕಡೆ ಹೋಗುತ್ತಿದೆ. ಕ್ರಾಸ್‌ಓವರ್ ಇಳಿಸಿ, ಇಲ್ಲವೇ ವಾಲ್ಯೂಮ್. ಮಾತು ಬದಲಾಗದೆ, ಬಾಸ್ ಗಿಟಾರಿನ ಕೆಳಗಿನ ತಂತಿ ಮಾತ್ರ ತುಂಬಿ ಬಂದರೆ ಕೆಲಸ ಮುಗಿಯಿತು.

ಮುಂದೆ ಎಂದಾದರೂ ಹೈಪಾಸ್ ಇರುವ ಪೆಟ್ಟಿಗೆ ಕೊಂಡರೆ, ಸ್ಪೀಕರಿಗೂ 80ಕ್ಕೆ ಕತ್ತರಿ ಹಾಕಿ. ಆಗ ಪುಟ್ಟ ಸ್ಪೀಕರಿಗೆ ಭಾರ ಇಳಿಯುತ್ತದೆ, ನಡುವಿನ ಸ್ವರಗಳೂ ತಿಳಿಯಾಗುತ್ತವೆ. ಲಿಂಕ್‌ವಿಟ್ಜ್-ರೈಲಿ, 24 ಡೆಸಿಬೆಲ್ ಅನ್ನುವ ಫಿಲ್ಟರ್ ಆಯ್ಕೆ ಇದ್ದರೆ ಎರಡೂ ಕಡೆ ಅದನ್ನೇ ಆರಿಸಿ. ಕ್ರಾಸ್‌ಓವರಿನಲ್ಲಿ ಎರಡೂ 6 ಡೆಸಿಬೆಲ್ ಇಳಿದಿರುತ್ತವೆ, ಸೇರಿದಾಗ ಸಮ ಆಗುತ್ತದೆ. ಸ್ಪೀಕರಿಗೆ ಹೈಪಾಸ್ ಹಾಕಿದರೆ ಧ್ವನಿಯ ಶುದ್ಧತೆ ಕೆಡುತ್ತದೆ ಅನ್ನುವವರ ಜೊತೆ ನಾನು ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಅಳತೆಗೆ ಫೋನ್ ಸಾಕೇ? — ಹೊಸಬ

ಇದಕ್ಕಿಂತ ಅದು ಜೋರೋ ಮೆತ್ತಗೋ ಎಂದು ಹೋಲಿಸಲು ಸಾಕು. ಮೇಲೆ ಹೇಳಿದ ಫೇಸ್ ಕೆಲಸಕ್ಕೂ ನಡೆಯುತ್ತದೆ. ಆದರೆ ಬಹಳ ಫೋನ್‌ಗಳಲ್ಲಿ ಮೈಕ್ ಕೆಳಗಿನ ಸ್ವರಗಳನ್ನು ಕತ್ತರಿಸುತ್ತದೆ, 30 ಹರ್ಟ್ಸ್ ಇಲ್ಲವೇ ಇಲ್ಲ ಅಂತ ಸುಳ್ಳು ಹೇಳುತ್ತದೆ. ಗಂಭೀರವಾಗಿ ಮಾಡುವುದಾದರೆ ಕ್ಯಾಲಿಬ್ರೇಷನ್ ಫೈಲ್ (ಮೈಕಿನ ತಪ್ಪು ಸರಿಪಡಿಸುವ ಅಂಕಿಗಳು) ಜೊತೆ ಬರುವ ಯುಎಸ್‌ಬಿ ಮೈಕ್ ಕೊಳ್ಳಿ. ರೂಮ್ ಇಕ್ಯೂ ವಿಝರ್ಡ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಮೈಕ್ ಕಿವಿಯ ಎತ್ತರದಲ್ಲಿರಲಿ, ಗ್ರಾಫಿನಲ್ಲಿ ಏರಿಳಿತವನ್ನು ಸವರಿ ತೋರಿಸುವ ಸ್ಮೂತಿಂಗ್ ತೆಗೆದುಬಿಡಿ. ಸ್ಮೂತಿಂಗ್ ಹಾಕಿದರೆ ಎಲ್ಲರ ಕೋಣೆಯೂ ಚೆಂದವೇ.

ಪ್ರಶ್ನೆ: ಒಂದು ಗುಂಡಿ ಹೋಗುತ್ತಲೇ ಇಲ್ಲ. 62 ಹರ್ಟ್ಸ್‌ನಲ್ಲಿ 15 ಡೆಸಿಬೆಲ್ ಕುಸಿತ. ಈಕ್ವಲೈಜರ್‌ನಲ್ಲಿ 10 ಏರಿಸಿದರೂ ಜಗ್ಗುತ್ತಿಲ್ಲ. — ಗುಂಡಿ ತುಂಬುವವನು

ಜಗ್ಗುವುದಿಲ್ಲ. ಅದು ಸದ್ದಿನ ಕೊರತೆ ಅಲ್ಲ, ಎರಡು ಸದ್ದು ಒಂದನ್ನೊಂದು ಅಳಿಸಿಕೊಳ್ಳುತ್ತಿರುವುದು. ನೀವು ಏರಿಸಿದಷ್ಟು ಅಳಿಸುವ ಅಲೆಯೂ ಏರುತ್ತದೆ. 10 ಡೆಸಿಬೆಲ್ ಅಂದರೆ ಆಂಪ್ ಹತ್ತು ಪಟ್ಟು ಶಕ್ತಿ ಹರಿಸಬೇಕು. ಅಷ್ಟೂ ಶಾಖವಾಗಿ ಹೋಗುತ್ತದೆ, ಪಕ್ಕದ ಕೋಣೆಯಲ್ಲಿ ಮಾತ್ರ 62 ಹರ್ಟ್ಸ್ ಕಿವಿ ಕೊರೆಯುತ್ತದೆ. ಏರಿಸಿದ್ದನ್ನು ಪೂರ್ತಿ ತೆಗೆದು, ಒಂದು ಸಬ್ಬನ್ನು ಅರ್ಧ ಮೀಟರ್ ಸರಿಸಿ ನೋಡಿ, ಇಲ್ಲವೇ ಅದಕ್ಕೆ ಒಂದೆರಡು ಮಿಲಿಸೆಕೆಂಡ್ ಡಿಲೇ ಹಾಕಿ. ಈಕ್ವಲೈಜರ್ ಇರುವುದು ದಿಬ್ಬ ಕಡಿಯಲು. ದಿಬ್ಬ ಕಡಿದರೆ ಆ ಸ್ವರ ಎಳೆದುಕೊಂಡು ಹೋಗುವುದೂ ಕಮ್ಮಿಯಾಗುತ್ತದೆ. ಎಲ್ಲ ಜಾಗ, ಡಿಲೇ, ವಾಲ್ಯೂಮ್ ಮುಗಿದ ಮೇಲೆ, ಎರಡೂ ಸಬ್ಬಿಗೆ ಒಟ್ಟಿಗೆ ಹಾಕಿ.

ಪ್ರಶ್ನೆ: ನಮ್ಮ ರಿಸೀವರ್ (ಹೋಂ ಥಿಯೇಟರ್ ಆಂಪ್) ಮೈಕ್ ಇಟ್ಟು ಅಳೆದು ಸಬ್ 6.1 ಮೀಟರ್ ದೂರ ಅನ್ನುತ್ತದೆ. ಟೇಪ್ ಹಿಡಿದರೆ 3.4. ತಿದ್ದಲೇ? — ಟೇಪ್ ನಂಬುವವಳು

ತಿದ್ದಬೇಡಿ. ಸಬ್ಬಿನೊಳಗಿನ ಡಿಜಿಟಲ್ ಪ್ರೊಸೆಸರ್ ಮತ್ತು ಫಿಲ್ಟರ್‌ಗಳು ಸದ್ದನ್ನು ಒಂದಷ್ಟು ತಡೆದು ಬಿಡುತ್ತವೆ. ನಿಮ್ಮದರಲ್ಲಿ ಸುಮಾರು 8 ಮಿಲಿಸೆಕೆಂಡ್. ರಿಸೀವರ್ ಆ ತಡವನ್ನೂ ದೂರವಾಗಿ ಎಣಿಸಿದೆ. ಅದು ಹೇಳುತ್ತಿರುವುದು ಸದ್ದು ಬರುವ ಹೊತ್ತು, ನೆಲದ ಅಳತೆ ಅಲ್ಲ.

ಪ್ರಶ್ನೆ: ಎಡ ಚಾನೆಲ್ಲಿಗೆ ಒಂದು ಸಬ್, ಬಲಕ್ಕೆ ಒಂದು ಕೊಟ್ಟರೆ ಸ್ಟೀರಿಯೋ ಬಾಸ್ ಸಿಗುತ್ತದಲ್ಲ? ಎರಡನ್ನೂ ಕೂಡಿಸಿ ಮೋನೋ ಮಾಡುವುದು ಯಾಕೆ? — ಎಡಬಲ ಬಿಡದವನು

ಸಿಗುತ್ತದೆ, ಆದರೆ ಕಳೆದುಕೊಳ್ಳುವುದು ಜಾಸ್ತಿ. ಈ ಅಂಕಣದ ಮೊದಲ ಉತ್ತರ ನಿಂತಿರುವುದೇ ಎರಡೂ ಸಬ್ ಒಂದೇ ಸದ್ದನ್ನು ಒಟ್ಟಿಗೆ ಒತ್ತುತ್ತವೆ ಅನ್ನುವುದರ ಮೇಲೆ. ಎಡದ್ದು ಬೇರೆ, ಬಲದ್ದು ಬೇರೆ ನುಡಿಸಿದರೆ ಕೋಣೆಯ ಓಲಾಟ ಅಳಿಸುವವರು ಯಾರು? ಅಲ್ಲದೆ ಬಹುಪಾಲು ರೆಕಾರ್ಡಿಂಗ್‌ಗಳಲ್ಲಿ ಕೆಳಗಿನ ಬಾಸ್ ಹೇಗೂ ನಡುವೆಯೇ ಇರುತ್ತದೆ. ಎಲ್‌ಪಿ ಕತ್ತರಿಸುವಾಗ ಸೂಜಿ ತೋಡಿನಿಂದ ಹಾರಬಾರದೆಂದು ಬಾಸನ್ನು ಮೋನೋ ಮಾಡುವುದು ಮಾಮೂಲಿ. ಸಭಾಂಗಣದಲ್ಲಿ ನೇರ ರೆಕಾರ್ಡ್ ಮಾಡಿದ ಆರ್ಕೆಸ್ಟ್ರಾಗಳಲ್ಲಿ ಎಡಬಲದ ಕಂಪನ ಬೇರೆ ಇರುತ್ತದೆ, ಮೋನೋ ಮಾಡಿದರೆ ಆ ವಿಶಾಲ ಕಮ್ಮಿಯಾಗುತ್ತದೆ ಅನ್ನುವವರಿದ್ದಾರೆ. ಅವರ ಮಾತನ್ನು ತೆಗೆದುಹಾಕಲಾರೆ. ದೊಡ್ಡ ಕೋಣೆ, ಸ್ಪೀಕರ್ ಪಕ್ಕವೇ ಸಬ್, ಅಂಥ ಸಂಗೀತವನ್ನೇ ಕೇಳುವುದು, ಈ ಮೂರೂ ಇದ್ದರೆ ನೀವೇ ಎರಡೂ ರೀತಿ ಕೇಳಿ ತೀರ್ಮಾನಿಸಿ.

ಪ್ರಶ್ನೆ: ಎರಡನೇ ಸಬ್ ಜೋಡಿಸಿದ ದಿನದಿಂದ ಹಾಡು ಇಲ್ಲದಾಗಲೂ ಝುಂ ಅಂತ ಸದ್ದು. ಸಬ್ ಕೆಟ್ಟಿದೆಯೇ? — ಮೌನ ಪ್ರಿಯೆ

ಕೆಟ್ಟಿರಲಿಕ್ಕಿಲ್ಲ. ಆರ್‌ಸಿಎ ಕೇಬಲ್ ಕಿತ್ತು ನೋಡಿ. ಝುಂ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ತ್ ಸೇರಿ ಆದ ಸುತ್ತು. ಹೊಸ ಸಬ್ಬಿಗೆ ಗೋಡೆಯ ಬೇರೆ ಸಾಕೆಟ್ ಕೊಟ್ಟಿರುತ್ತೀರಿ. ಆಂಪ್ ಮತ್ತು ಎರಡೂ ಸಬ್ಬನ್ನು ಒಂದೇ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಅಲ್ಲೇ ನಿಲ್ಲುತ್ತದೆ. ಟಿವಿಯ ಕೇಬಲ್ ಅದೇ ಸಿಸ್ಟಂಗೆ ಬಂದಿದ್ದರೆ ಅದನ್ನೂ ಕಿತ್ತು ನೋಡಿ. ಆಗಲೂ ನಿಲ್ಲದಿದ್ದರೆ ಸಬ್ಬಿನ ಲೈನ್ ಕೇಬಲ್ ನಡುವೆ, ತಂತಿಗಳು ನೇರ ತಾಗದೆ ಸಿಗ್ನಲ್ ಮಾತ್ರ ದಾಟಿಸುವ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಆದರೆ ಅಗ್ಗದ್ದರಲ್ಲಿ ಆಳದ ಬಾಸ್ ಸೋರಿಹೋಗುತ್ತದೆ, 20 ಹರ್ಟ್ಸ್‌ವರೆಗೆ ಸಮವಾಗಿರುವುದನ್ನೇ ಕೇಳಿ ಕೊಳ್ಳಿ. ಪ್ಲಗ್ಗಿನ ಅರ್ತ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಅಂತ ಯಾರಾದರೂ ಹೇಳಿಯಾರು. ನಿಲ್ಲುತ್ತದೆ ನಿಜ, ಆದರೆ ಒಳಗೆ ವಯರ್ ತಾಗಿದ ದಿನ ಸಬ್ಬಿನ ಲೋಹದ ಹಿಂಬದಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅರ್ತ್ ಪಿನ್ ಮಾತ್ರ ಮುಟ್ಟಬೇಡಿ.